ಲೋಲಕದ ಪ್ರಯೋಗ: ಮೊದಲು ಊಹೆ ಬರೆಸಿ, ಆಮೇಲೆ ದಾರ ಕೊಡಿ

ಆರು, ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುವವರಿಗೆ ಒಂದು ಸಣ್ಣ ಸಲಹೆ. ಪ್ರಯೋಗಕ್ಕೆ ಮೊದಲೇ ಉತ್ತರ ಹೇಳಿಬಿಡಬೇಡಿ. ದಾರ, ಎರಡು ಮೂರು ಕಬ್ಬಿಣದ ನಟ್ಟು, ಸೆಕೆಂಡು ತೋರಿಸುವ ಗಡಿಯಾರ, ಇಷ್ಟು ಸಾಕು. ಎತ್ತರದ ಮೊಳೆಯಿಂದ ನಟ್ಟನ್ನು ಇಳಿಬಿಟ್ಟು, "ಇನ್ನೊಂದು ನಟ್ಟು ಸೇರಿಸಿದರೆ ಬೇಗ ತೂಗುತ್ತಾ, ನಿಧಾನವಾ?" ಅಂತ ಕೇಳಿ. ಊಹೆಯನ್ನು ಪೆನ್ನಲ್ಲೇ ಬರೆಸಿ. ಪೆನ್ಸಿಲ್ ಕೊಟ್ಟರೆ ಆಮೇಲೆ ಸದ್ದಿಲ್ಲದೆ ಅಳಿಸಿ ತಿದ್ದಿಬಿಡುತ್ತಾರೆ, ಅನುಭವದ ಮಾತು!

ದಾರ 25 ಸೆಂ.ಮೀ. ಇದ್ದರೆ 10 ಸಲ ಹೋಗಿ ಬರಲು ಸುಮಾರು 10 ಸೆಕೆಂಡು ಬೇಕು. ನಟ್ಟು ಎರಡಾದರೂ ಅಷ್ಟೇ. ಇಲ್ಲೇ ಅರ್ಧ ತರಗತಿ "ಸರ್, ಗಡಿಯಾರ ಸರಿಯಿಲ್ಲ" ಅನ್ನುತ್ತದೆ. ಈಗ ದಾರವನ್ನು 1 ಮೀಟರ್ ಮಾಡಿ. ನಾಲ್ಕು ಪಟ್ಟು ಉದ್ದ ಅಲ್ವಾ, 40 ಸೆಕೆಂಡು ಅಂತ ಜಾಸ್ತಿ ಜನ ಊಹಿಸುತ್ತಾರೆ. ಬರುವುದು 20ರ ಹತ್ತಿರ. ಯಾಕೆ ಅಂತ ಆ ದಿನ ಹೇಳಬೇಡಿ, ಬೇರೆ ಬೇರೆ ಉದ್ದ ಇಟ್ಟು ಅಳೆದು ಅವರೇ ಗ್ರಾಫ್ ಹಾಕಲಿ.

ತಪ್ಪಾಗುವುದು ಸಣ್ಣ ವಿಷಯಗಳಲ್ಲಿ. ಎರಡನೇ ನಟ್ಟನ್ನು ಮೊದಲನೆಯದರ ಕೆಳಗೆ ಕಟ್ಟಿದರೆ ಲೋಲಕದ ಉದ್ದವೇ ಬದಲಾಗುತ್ತದೆ, ಎರಡನ್ನೂ ಒಂದೇ ಗಂಟಿಗೆ ಸೇರಿಸಿ. ಉದ್ದ ಅಳೆಯುವಾಗ ನಟ್ಟಿನ ಮಧ್ಯದವರೆಗೆ ಅಳೆಯಿರಿ. ಜೋರಾಗಿ ಎಳೆದು ಬಿಡುವುದು ಬೇಡ, ಸ್ವಲ್ಪ ಸರಿಸಿ ಬಿಟ್ಟರೆ ಸಾಕು. ಇನ್ನೊಂದು, ಕೈ ಬಿಟ್ಟ ಕೂಡಲೇ ಮಕ್ಕಳು "ಒಂದು" ಅಂತ ಎಣಿಸಿಬಿಡುತ್ತಾರೆ, ಆಗ ಲೆಕ್ಕಕ್ಕೆ ಸಿಗುವುದು ಒಂಬತ್ತೇ. "ಸೊನ್ನೆ" ಅಂತ ಶುರು ಮಾಡಿಸಿ.