ಬ್ಲೆಂಡರ್‌ನಲ್ಲಿ ಬಂಡೆಗೆ ಬಡಿಯುವ ನೊರೆನೀರು

ಕಾಪು ದೀಪಸ್ತಂಭದ ಕೆಳಗೆ ಬಂಡೆಗಳಿವೆಯಲ್ಲ, ಅಂಥ ಕಡಲತೀರವನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮಾಡುವಾಗ ನಾನು ಮೊದಲು ನೀರಿನ ಬಣ್ಣ ಮುಟ್ಟುವುದೇ ಇಲ್ಲ. ನೊರೆ ಎಲ್ಲಿರಬೇಕು ಅನ್ನುವುದನ್ನೇ ಮೊದಲು ಗೊತ್ತು ಮಾಡಿಕೊಳ್ಳುತ್ತೇನೆ.

ಕಡಲಿನ ಅಲೆ ಮೂಡಿಸುವ ಓಷನ್ ಮಾಡಿಫೈಯರ್ ಹಾಕಿ, ಚಾಪಿನೆಸ್ (ಅಲೆಯ ತುದಿಯ ಚೂಪು) 1ರ ಸುತ್ತ ಇಡಿ. ಫೋಮ್ (ನೊರೆ) ಆನ್ ಮಾಡಿ, ಅದರ ಗುರುತು ಉಳಿಯುವ ಡೇಟಾ ಲೇಯರ್‌ಗೆ ಹೆಸರು ಕೊಡಿ. ಅಲೆ ಮಡಚಿಕೊಳ್ಳುವ ಕಡೆ ಅದು ನೊರೆಯ ಗುರುತು ಹಾಕುತ್ತದೆ. ಆದರೆ ಅಲ್ಲಿ ಬಂಡೆ ಇದೆ ಅಂತ ಅದಕ್ಕೆ ಗೊತ್ತೇ ಇರುವುದಿಲ್ಲ! ಹಾಗಾಗಿ ಅದರ ಕೆಳಗೆ ಜಿಯೊಮೆಟ್ರಿ ನೋಡ್ಸ್ (ನೋಡ್ ಎಂಬ ಚಿಕ್ಕ ಘಟಕಗಳನ್ನು ಜೋಡಿಸಿ ಆಕಾರ ಬದಲಿಸುವ ವ್ಯವಸ್ಥೆ) ಸೇರಿಸಿ, ಪ್ರಾಕ್ಸಿಮಿಟಿ ನೋಡ್‌ನಿಂದ ಬಂಡೆಯ ದೂರ ಅಳೆದು, ಹತ್ತಿರವಿದ್ದಲ್ಲಿ ನೊರೆ ಜಾಸ್ತಿ ಮಾಡಿ.

ಇಷ್ಟಕ್ಕೇ ಬಿಟ್ಟರೆ ಸುಮ್ನೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಕೋಶಗಳಂಥ ವಿನ್ಯಾಸ ಕೊಡುವ ವೊರೊನಾಯ್ ಟೆಕ್ಸ್ಚರ್‌ನಿಂದ ತೂತು ಮಾಡಿ. ಬಂಡೆಯಿಂದ ದೂರ ಹೋದಂತೆ ತೂತು ಹಿಗ್ಗಿ, ತೆಳು ಎಳೆಗಳಷ್ಟೇ ಉಳಿಯಲಿ. ನಾಯ್ಸ್ (ಅಡ್ಡಾದಿಡ್ಡಿ ವಿನ್ಯಾಸ) ಸೇರಿಸಿ ಎಳೆಗಳನ್ನು ಸೊಟ್ಟ ಮಾಡಿ. ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲೇ.

ನೊರೆ ಅಂದರೆ ಗಾಳಿಗುಳ್ಳೆಗಳು ತಾನೆ? ಬೆಳಕನ್ನು ಎಲ್ಲ ಕಡೆ ಚದುರಿಸುತ್ತವೆ. ಅದಕ್ಕೆ ರಫ್‌ನೆಸ್ (ಒರಟುತನ) ಜಾಸ್ತಿ, ಟ್ರಾನ್ಸ್‌ಮಿಷನ್ (ಬೆಳಕು ಹಾಯುವ ಪ್ರಮಾಣ) 0. ಬಿಳಿ ಬಣ್ಣವನ್ನು 0.8ಕ್ಕಿಂತ ಮೇಲೆ ಒಯ್ಯಬೇಡಿ. ನೀರಿಗೆ ಐಓಆರ್ (ವಕ್ರೀಭವನ ಸೂಚ್ಯಂಕ) 1.33 ಸಾಕು.