ಸಿನಿಮಾದ ಹಿನ್ನೆಲೆ ಸಂಗೀತ: ಕೂಡಿಡುವುದು ಹೇಗೆ, ವಾದ ಮಾಡುವುದು ಹೇಗೆ?

ಬೆಳಗಾವಿಯ ಶಹಾಪುರ, ಟಿಳಕವಾಡಿ ಕಡೆಯ ಹಳೆ ಮನೆಗಳ ಕಪಾಟು ತೆಗೆದರೆ ಮರಾಠಿ ನಾಟ್ಯಸಂಗೀತದ ಪ್ಲೇಟು, ಹಿಂದಿ ಎಲ್‌ಪಿ, ಕನ್ನಡದ ಕ್ಯಾಸೆಟ್ಟು ಎಲ್ಲ ಒಟ್ಟಿಗೇ ಸಿಗುತ್ತವೆ. ಹಾಡು ಕೂಡಿಡುವ ಹುಚ್ಚು ನಮ್ಮ ಭಾಗಕ್ಕೆ ಹೊಸದಲ್ಲ. ಆದರೆ ಅದೇ ಮನೆಯಲ್ಲಿ ಸಿನಿಮಾದ ಹಿನ್ನೆಲೆ ಸಂಗೀತ ಇದೆಯೇ ಅಂತ ಕೇಳಿ ನೋಡಿ. ನಾಯಕ ಊರು ಬಿಡುವಾಗ ಬಂದ ಕೊಳಲು, ಸಾವಿನ ಮನೆಯಲ್ಲಿ ಕೇಳಿದ ಸಾರಂಗಿ, ಟೈಟಲ್ ಓಡುವಾಗಿನ ವಯಲಿನ್ ಗುಂಪು. ಯಾವುದೂ ಸಿಗುವುದಿಲ್ಲ.

ಕಾರಣ ಸರಳ. ನಮ್ಮಲ್ಲಿ ಕಂಪನಿಗಳು ಮಾರಿದ್ದು ಹಾಡನ್ನು. ಹಿನ್ನೆಲೆ ಸಂಗೀತ ಸಿನಿಮಾದ ರೀಲಿನೊಳಗೇ ಉಳಿಯಿತು. ಹಾಗಾಗಿ ಇದನ್ನು ಕೂಡಿಡುವ ದಾರಿಯೂ ಬೇರೆ. ಅಂಗಡಿಯಿಂದ ತಂದಿದ್ದು ಅರ್ಧ ಸಂಗ್ರಹ. ಇನ್ನರ್ಧವನ್ನು ನೀವೇ ಕಿವಿಗೊಟ್ಟು ಕೇಳಿ ಬರೆದಿಡಬೇಕು. ನನ್ನ ಪ್ರಕಾರ ಆ ಬರೆದ ಅರ್ಧಕ್ಕೇ ಬೆಲೆ ಜಾಸ್ತಿ.

ಎಲ್ಲಿ ಹುಡುಕಬೇಕು

ರದ್ದಿ ಅಂಗಡಿ, ಗುಜರಿ ಅಂಗಡಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲು ನಿಮ್ಮೂರಿನ ಹಳೆ ಮೈಕ್ ಸೆಟ್‌ನವರನ್ನು ಕಂಡು ಬನ್ನಿ. ಮದುವೆ, ಜಾತ್ರೆ, ಗಣಪತಿ ಹಬ್ಬಕ್ಕೆ ಬಾಡಿಗೆಗೆ ಮೈಕ್ ಕೊಡುತ್ತಿದ್ದವರ ಹತ್ತಿರ ಪೆಟ್ಟಿಗೆಗಟ್ಟಲೆ ರೆಕಾರ್ಡ್ ಇರುತ್ತಿದ್ದವು. ಈಗ ಅವು ಅಟ್ಟದ ಮೇಲೆ ಕೂತಿರಬಹುದು. ಸುಮ್ನೆ ಹೋಗಿ ರೇಟು ಕೇಳಬೇಡಿ. ಒಂದು ಚಾ ಕುಡಿದು, ಯಾವ ಊರಿನ ಜಾತ್ರೆಗೆ ಯಾವ ಪ್ಲೇಟು ಹಾಕುತ್ತಿದ್ದಿರಿ ಕಾಕಾ ಅಂತ ಕೇಳಿ. ಪೆಟ್ಟಿಗೆ ತಾನಾಗಿ ಕೆಳಗೆ ಇಳಿಯುತ್ತದೆ.

ಹುಡುಕುವಾಗ ಮೂರು ಜಾತಿಯ ಮಾಲಿನ ಮೇಲೆ ಕಣ್ಣಿಡಿ. ಮೊದಲನೆಯದು ಸಂಭಾಷಣೆಯ ರೆಕಾರ್ಡ್ ಮತ್ತು ಕ್ಯಾಸೆಟ್. 1975ರ 'ಶೋಲೆ'ಯ ಸಂಭಾಷಣೆ ಎಲ್‌ಪಿ ದೇಶವೆಲ್ಲ ಮಾರಾಟವಾಯಿತು. ಕನ್ನಡದಲ್ಲೂ ಡಾ. ರಾಜ್‌ಕುಮಾರ್ ಅವರ ಚಿತ್ರಗಳ ಸಂಭಾಷಣೆ ಕ್ಯಾಸೆಟ್‌ಗಳು ಬಂದಿದ್ದವು. ಜನ ಕೊಂಡಿದ್ದು ಮಾತಿಗಾಗಿ. ಆದರೆ ಆ ಮಾತಿನ ಅಡಿಯಲ್ಲಿ ಹಿನ್ನೆಲೆ ಸಂಗೀತವೂ ಅಚ್ಚಾಗಿದೆ. ನಮ್ಮಂಥವರಿಗೆ ಅದೇ ಗಣಿ. ಹಾಡಿನ ಕ್ಯಾಸೆಟ್ ಸಾವಿರ ಸಿಕ್ಕಾವು, ಸಂಭಾಷಣೆ ಕ್ಯಾಸೆಟ್ ಕಂಡರೆ ಬಿಡಬೇಡಿ.

ಎರಡನೆಯದು ವಿಸಿಡಿ ಮತ್ತು ಡಿವಿಡಿ. ಇವಕ್ಕೆ ಈಗ ಯಾರೂ ಬೆಲೆ ಕೊಡುತ್ತಿಲ್ಲ. ಅದಕ್ಕೇ ಈಗಲೇ ತೆಗೆದುಕೊಳ್ಳಬೇಕು.

ಮೂರನೆಯದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ಪ್ಲೇಟು. ಇದರಲ್ಲಿ ಹಿನ್ನೆಲೆ ಸಂಗೀತ ಸಿಗುವುದು ಅಪರೂಪ. ಆದರೂ ನಮ್ಮ ಭಾಗದವರು ಇದನ್ನು ಬಿಡಬಾರದು. ಬಾಗಲಕೋಟೆ ಜಿಲ್ಲೆಯ ಬೀಳಗಿಯಿಂದ ಹೋದ ಅಮೀರ್‌ಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದವರು. 1948ರ 'ಶಹನಾಜ್' ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದರು. ಬೀಳಗಿಯ ಹೆಣ್ಣುಮಗಳೊಬ್ಬಳು ಆ ಕಾಲದ ಮುಂಬೈಯಲ್ಲಿ ಸಂಗೀತ ನಿರ್ದೇಶಕಿ! ಆ ಹೆಸರಿನ ಪ್ಲೇಟು ಕೈಗೆ ಬಂದರೆ ಕೆಳಗಿಡಬೇಡಿ.

ಕೊಳ್ಳುವ ಮುನ್ನ ನೋಡುವುದು

ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ. ಮೇಲ್ಮೈ ಮೇಲಿನ ಕೂದಲೆಳೆ ಗೀರು ಚಿಂತೆಯಿಲ್ಲ. ಉಗುರು ಆಡಿಸಿದಾಗ ತಗಲುವ ಗೀರು ಇದ್ದರೆ ಅಲ್ಲಿ ಪ್ಲೇಯರ್‌ನ ಮುಳ್ಳು ಹಾರುತ್ತದೆ. ಆಮೇಲೆ ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಾಗಿದೆಯೇ ನೋಡಿ. ವಿಜಯಪುರದ ಬಿಸಿಲಿಗೆ ಪತ್ರಾಸ್ ಮನೆಯಲ್ಲಿಟ್ಟ ಎಲ್‌ಪಿ ಹಪ್ಪಳದಂತೆ ಮಡಚಿಕೊಂಡಿರುತ್ತದೆ. ಅದನ್ನು ಸರಿ ಮಾಡುವುದು ಬಹಳ ಕಷ್ಟ.

ಬೆಳಗಾವಿಯಲ್ಲಿ ತೊಂದರೆ ಬೇರೆ. ಇಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ನಿಮ್ಮ ಡೆಕ್ಕಿಗೆ, ಅಂದರೆ ಕ್ಯಾಸೆಟ್ ಪ್ಲೇಯರಿಗೆ, ಹಾಕಲೇಬೇಡಿ. ಆ ಬೂಷ್ಟು ಡೆಕ್ಕಿನಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಟೇಪಿನ ಹಿಂದೆ ಸಣ್ಣ ಮೆತ್ತೆ ಇರುತ್ತದೆ, ಅದು ಉದುರಿದ್ದರೆ ಧ್ವನಿ ಮಂಕಾಗುತ್ತದೆ. ಬೇರೆ ಹಾಳು ಕ್ಯಾಸೆಟ್ಟಿನ ಮೆತ್ತೆ ತೆಗೆದು ಅಂಟಿಸಿದರೆ ಸರಿಹೋಗುತ್ತದೆ.

ತೊಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ಎಲ್‌ಪಿಗೆ ಡಿಸ್ಟಿಲ್ಡ್ ನೀರು, ಅದಕ್ಕೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಬಟ್ಟೆ ಸಾಕು. ಗೆರೆ ಹೋದ ದಿಕ್ಕಿನಲ್ಲೇ ದುಂಡಗೆ ಒರೆಸಬೇಕು. ಲೇಬಲ್ ನೆನೆಯಬಾರದು. 78ರ ಅರಗಿನ ಪ್ಲೇಟಿಗೆ ಮಾತ್ರ ಸ್ಪಿರಿಟ್ ತಾಗಿಸಬಾರದು. ಅರಗು ಕರಗಿ ಪ್ಲೇಟು ಹೋಗುತ್ತದೆ. ಅದಕ್ಕೆ ಬೇರೆ ಮುಳ್ಳೂ ಬೇಕು. ಅದರ ಗೆರೆ ಎಲ್‌ಪಿ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ.

ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್ ಕೊಳ್ಳುವ ಆಸೆ ಬಂದರೆ ತಡೆಯಿರಿ. ಅವುಗಳ ಮುಳ್ಳಿನ ಭಾರ ಜಾಸ್ತಿ, ಗೆರೆ ಸವೆಯುತ್ತದೆ. ಒಳ್ಳೆಯ ಪ್ಲೇಯರ್‌ನಲ್ಲಿ ಮುಳ್ಳಿನ ಭಾರ ಎರಡು ಗ್ರಾಂ ಆಸುಪಾಸು ಇರುತ್ತದೆ. ಇಡುವಾಗ ಎಲ್ಲವನ್ನೂ ಪುಸ್ತಕ ನಿಲ್ಲಿಸಿದ ಹಾಗೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ.

ಕಂಪ್ಯೂಟರಿಗೆ ಇಳಿಸುವುದು

ಡೆಕ್ಕಿನ ಲೈನ್ ಔಟ್‌ನಿಂದ ತಂತಿ ಎಳೆದು ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ ಕಂಪ್ಯೂಟರಿಗೆ ಕೊಡಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಮೊದಲು ಇಳಿಸಿದ ಫೈಲನ್ನು ಧ್ವನಿಯ ಗುಣ ಕಳೆಯದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಹಾಗೇ ಇಡಿ. ಸರಸರ ಸದ್ದು ತೆಗೆಯುವುದಿದ್ದರೆ ಅದರ ನಕಲಿನ ಮೇಲೆ ಮಾಡಿ. ಸದ್ದು ತೆಗೆಯಲು ಹೋಗಿ ತಂಬೂರಿಯ ಝೇಂಕಾರವನ್ನೂ ತೆಗೆದವರನ್ನು ನೋಡಿದ್ದೇನೆ. ಎರಡು ಬೇರೆ ಡಿಸ್ಕುಗಳಲ್ಲಿ ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಹಕ್ಕಿನ ವಿಷಯವೂ ಗೊತ್ತಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ ಇದೆ. ಸಾಹಿತ್ಯ, ರಾಗಸಂಯೋಜನೆಯ ಹಕ್ಕು ಬೇರೆ, ಅದು ಇನ್ನೂ ದೀರ್ಘ. ನಿಮ್ಮ ಪ್ಲೇಟನ್ನು ನಿಮ್ಮ ಕೇಳುವಿಕೆಗೆ ಇಳಿಸಿಟ್ಟುಕೊಳ್ಳಿ. ಮಾರುವುದು, ಎಲ್ಲರಿಗೂ ಹಂಚುವುದು ಬೇಡ.

ಬರೆದಿಡುವ ಕೆಲಸ

ಈಗ ಮುಖ್ಯ ಭಾಗಕ್ಕೆ ಬರೋಣ. ಒಂದು ದಪ್ಪ ರಿಜಿಸ್ಟರ್ ತನ್ನಿ. ಪ್ರತಿ ಚಿತ್ರಕ್ಕೂ ಒಂದು ಪುಟ. ಚಿತ್ರದ ಹೆಸರು, ವರ್ಷ, ಹಾಡಿನ ಸಂಗೀತ ಯಾರದ್ದು, ಹಿನ್ನೆಲೆ ಸಂಗೀತ ಯಾರದ್ದು, ಸಹಾಯಕರು ಯಾರು. ಟೈಟಲ್ ಕಾರ್ಡ್ ಬರುವಾಗ ನಿಲ್ಲಿಸಿ ನೋಡಿ ಬರೆಯಬೇಕು, ಕ್ಯಾಸೆಟ್ಟಿನ ಹೊದಿಕೆ ನಂಬಬೇಡಿ. 2015ರ 'ರಂಗಿತರಂಗ'ದ ಹಾಡುಗಳ ಸಂಗೀತ ಅನೂಪ್ ಭಂಡಾರಿ ಅವರದ್ದು. ಹಿನ್ನೆಲೆ ಸಂಗೀತ ಬಿ. ಅಜನೀಶ್ ಲೋಕನಾಥ್ ಅವರದ್ದು. ಇಂಥ ಕಡೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರನ್ನು ಹೊಗಳುವುದು ದಿನಾ ನಡೆಯುತ್ತದೆ. ರಾಷ್ಟ್ರಪ್ರಶಸ್ತಿಯೇ ಇವೆರಡನ್ನೂ ಬೇರೆ ಮಾಡಿಕೊಂಡಿದ್ದು ತಡವಾಗಿ. 2009ರ ಚಿತ್ರಗಳಿಗೆ ಕೊಟ್ಟ ಪ್ರಶಸ್ತಿಯಲ್ಲಿ ಹಿನ್ನೆಲೆ ಸಂಗೀತದ್ದು ಇಳಯರಾಜ ಅವರಿಗೆ ಬಂತು.

ಆಮೇಲೆ ಕೆಳಗೆ ಗಂಟೆ, ನಿಮಿಷ ಹಾಕಿ. ಸಂಗೀತ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು, ಯಾವ ವಾದ್ಯ, ಅದೇ ರಾಗದ ತುಣುಕು ಮುಂದೆ ಎಲ್ಲಿ ಮತ್ತೆ ಬಂತು. ಎಲ್ಲಿ ಸಂಗೀತ ಇಲ್ಲವೋ ಅದನ್ನೂ ಬರೆಯಬೇಕು. ಹತ್ತು ಪುಟ ತುಂಬುವಷ್ಟರಲ್ಲಿ ನಿಮ್ಮ ಕಿವಿ ಬದಲಾಗಿರುತ್ತದೆ.

ಶುರು ಮಾಡಲು 'ಮಾಲ್ಗುಡಿ ಡೇಸ್' ಒಳ್ಳೆಯದು. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ ಧಾರಾವಾಹಿ, 1986ರಲ್ಲಿ ದೂರದರ್ಶನಕ್ಕೆ ಬಂತು. ಸಂಗೀತ ಎಲ್. ವೈದ್ಯನಾಥನ್. ಶುರುವಿನ 'ತಾ ನ ನ' ಧ್ವನಿ ಎಲ್ಲರಿಗೂ ಬಾಯಿಪಾಠ. ಆದರೆ ಕತೆಗಳ ಒಳಗೆ ಆ ರಾಗ ಎಲ್ಲೆಲ್ಲಿ ಬರುತ್ತದೆ, ಯಾವ ವಾದ್ಯಕ್ಕೆ ದಾಟುತ್ತದೆ ಅಂತ ಬರೆಯಲು ಕೂತರೆ ಒಂದು ಸಂಜೆ ಸಾಲುವುದಿಲ್ಲ.

ವಾದಕ್ಕೆ ಕೂರುವುದು

ಒಬ್ಬರೇ ಕೂಡಿಟ್ಟರೆ ಸಾಲದು. ನಾಲ್ಕೈದು ಜನ ಸೇರಿ. ಆದರೆ ಇದಕ್ಕೂ ಒಂದು ಪದ್ಧತಿ ಬೇಕು, ಇಲ್ಲದಿದ್ದರೆ 'ನನ್ನ ಸಂಗೀತಗಾರ ದೊಡ್ಡವನು, ನಿನ್ನವನು ಸಣ್ಣವನು' ಅನ್ನುವಲ್ಲಿಗೆ ಮುಗಿಯುತ್ತದೆ.

ಒಂದು ದೃಶ್ಯ ಆರಿಸಿ, ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಮೊದಲು ಧ್ವನಿ ಬಂದ್ ಮಾಡಿ ನೋಡಿ. ಇಲ್ಲಿ ಸಂಗೀತ ಎಲ್ಲಿ ಶುರುವಾಗಬೇಕು ಅಂತ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಆಮೇಲೆ ಪರದೆ ಮುಚ್ಚಿ ಬರೀ ಧ್ವನಿ ಕೇಳಿ. ಕೊನೆಗೆ ಎರಡೂ ಕೂಡಿಸಿ. ನೀವು ಬರೆದ ಜಾಗಕ್ಕೂ ಸಂಗೀತಗಾರ ಆರಿಸಿದ ಜಾಗಕ್ಕೂ ಎಷ್ಟು ಅಂತರ ಬಂತು? ನಿಜವಾದ ಚರ್ಚೆ ಅಲ್ಲಿಂದ ಶುರು.

ಇದಕ್ಕೆ 'ಪಥೇರ್ ಪಾಂಚಾಲಿ'ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಸತ್ಯಜಿತ್ ರಾಯ್ ಅವರ 1955ರ ಬಂಗಾಳಿ ಚಿತ್ರ, ಸಂಗೀತ ಸಿತಾರ್ ವಾದಕ ರವಿಶಂಕರ್. ಮಗಳು ದುರ್ಗಾ ಸತ್ತಿದ್ದು ಗೊತ್ತಿಲ್ಲದೆ ತಂದೆ ಊರಿಂದ ಬಂದು ಅವಳಿಗೆ ತಂದ ಸೀರೆ ತೆಗೆಯುತ್ತಾನೆ. ತಾಯಿ ಕುಸಿದು ಅಳುತ್ತಾಳೆ. ಬಾಯಿ ತೆರೆದಿದೆ, ಆದರೆ ಅವಳ ಅಳು ನಮಗೆ ಕೇಳುವುದಿಲ್ಲ. ಆ ಜಾಗದಲ್ಲಿ ಬರುವುದು ತಾರ್ ಶಹನಾಯಿ. ಎಸ್ರಾಜ್ ಎಂಬ ತಂತಿವಾದ್ಯಕ್ಕೆ ಲೋಹದ ಕೊಳವೆ ಜೋಡಿಸಿ ಕಮಾನಿನಿಂದ ನುಡಿಸುವ ವಾದ್ಯ ಅದು. ರಾಗ ಪಟದೀಪ. ಹಿಂದೂಸ್ತಾನಿ ಕೇಳಿ ಬೆಳೆದ ನಮ್ಮ ಭಾಗದ ಕಿವಿಗೆ ಪಟದೀಪ ಪರಿಚಯದ ರಾಗವೇ. ಆದರೆ ರಾಗದ ಹೆಸರು ಹೇಳಿದ ಮಾತ್ರಕ್ಕೆ ಚರ್ಚೆ ಮುಗಿಯಲಿಲ್ಲ. ತಾಯಿಯ ಅಳುವನ್ನೇ ಕೇಳಿಸಿದ್ದರೆ ಏನಾಗುತ್ತಿತ್ತು? ವಾದ್ಯ ಅವಳ ದುಃಖಕ್ಕೆ ದನಿ ಕೊಟ್ಟಿತೋ, ಅವಳ ದನಿ ಕಸಿದುಕೊಂಡಿತೋ? ಈ ಪ್ರಶ್ನೆಗೆ ಇಬ್ಬರು ಎರಡು ಉತ್ತರ ಕೊಟ್ಟರೆ ಇಬ್ಬರೂ ಸರಿಯಾಗಿ ಕೇಳಿದ್ದಾರೆ ಅಂತಲೇ ಅರ್ಥ.

ಇದಕ್ಕೆ ಜೋಡಿಯಾಗಿ 1960ರ 'ಸೈಕೋ' ಇಡಿ. ಸ್ನಾನದ ಕೋಣೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ನಿರ್ದೇಶಕ ಹಿಚ್‌ಕಾಕ್ ಮೊದಲು ಹೇಳಿದ್ದರು. ಸಂಗೀತಗಾರ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಬರೆದು ಕೇಳಿಸಿದರು. ನಿರ್ದೇಶಕರು ಮನಸ್ಸು ಬದಲಿಸಿದರು.

ಕನ್ನಡದಲ್ಲಿ ವಾದಕ್ಕೆ ಬೇಕಾದಷ್ಟು ಸರಕಿದೆ. 1970ರ 'ಸಂಸ್ಕಾರ'ಕ್ಕೆ ಸರೋದ್ ವಾದಕ ರಾಜೀವ ತಾರಾನಾಥ್ ಸಂಗೀತ. 1977ರ 'ಘಟಶ್ರಾದ್ಧ'ಕ್ಕೆ ರಂಗಭೂಮಿಯ ಬಿ.ವಿ. ಕಾರಂತ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಇವುಗಳ ಪಕ್ಕ 2018ರ 'ಕೆಜಿಎಫ್' ಇಟ್ಟು ಕೇಳಿ. ರವಿ ಬಸ್ರೂರು ಅವರ ಸಂಗೀತದ ಅಬ್ಬರ ಆ ಕತೆಗೆ ಬೇಕಿತ್ತು ಅಂತ ನಾನು ನಂಬುತ್ತೇನೆ. ಅದೇ ಅಬ್ಬರವನ್ನು ಮನೆಮಂದಿಯ ಕತೆಗೂ ತುಂಬುವ ಇತ್ತೀಚಿನ ಚಾಳಿ ಮಾತ್ರ ನನಗೆ ಸಹಿಸಲಾಗುವುದಿಲ್ಲ. ನಟಿ ಕಣ್ಣೀರು ಹಾಕುವ ಮೊದಲೇ ವಯಲಿನ್ ಅತ್ತರೆ, ನಟಿಗೆ ಉಳಿಯುವ ಕೆಲಸವೇನು?

ಯಾರು ಬರೆದರು ಎಂಬ ಜಗಳವೂ ಬರುತ್ತದೆ. ಇಳಯರಾಜ ತಮ್ಮ ಆರಂಭದ ವರ್ಷಗಳಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದರು. ಹಾಗಾಗಿ ಆ ಕಾಲದ ಚಿತ್ರಗಳಲ್ಲಿ ಒಂದು ಗಿಟಾರ್ ತುಣುಕು ಕೇಳಿ 'ಇದು ಗುರುವಿನದ್ದಲ್ಲ, ಶಿಷ್ಯನದ್ದು' ಅನ್ನುವವರು ಇರುತ್ತಾರೆ. ಊಹೆ ಮಾಡಬಹುದು, ಆದರೆ ರಿಜಿಸ್ಟರಿನಲ್ಲಿ ಊಹೆ ಅಂತಲೇ ಬರೆಯಿರಿ.

ಇನ್ನೊಂದು, 'ಇದು ಅದರ ಕಾಪಿ' ಎಂಬ ಜಗಳ. ಇದಕ್ಕೆ ಕೂರುವ ಮೊದಲು ನಿಮ್ಮ ಕೈಯಲ್ಲಿರುವ ಪ್ರತಿ ಯಾವುದು ನೋಡಿಕೊಳ್ಳಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದಂತೆ. ವಿಸಿಡಿ, ಡಿವಿಡಿಗೆ ಇಳಿಸುವಾಗ ಹಲವು ಬಾರಿ ಅದನ್ನು 25ಕ್ಕೆ ಏರಿಸಿರುತ್ತಾರೆ. ಆಗ ಧ್ವನಿ ಶೇಕಡ 4ರಷ್ಟು ವೇಗವಾಗಿ, ಶ್ರುತಿ ಮೇಲಕ್ಕೆ ಹೋಗುತ್ತದೆ. ಹಾರ್ಮೋನಿಯಂ ಮೇಲೆ ಹೇಳುವುದಾದರೆ ಒಂದು ಮನೆಯಿಂದ (ಕೀಲಿಯಿಂದ) ಪಕ್ಕದ ಮನೆಗೆ ಹೆಚ್ಚುಕಡಿಮೆ ಮುಕ್ಕಾಲು ದಾರಿ. ಎಲ್‌ಪಿಯ ಶ್ರುತಿಗೂ ಡಿವಿಡಿಯ ಶ್ರುತಿಗೂ ತಾಳೆ ಬೀಳದಿದ್ದರೆ ಸಂಗೀತಗಾರನನ್ನು ಬೈಯಬೇಡಿ.

ಈ ಕೂಟಕ್ಕೆ ಒಬ್ಬ ಪೇಟಿ (ಹಾರ್ಮೋನಿಯಂ) ಮಾಸ್ತರರನ್ನು ಕರೆಯಲೇಬೇಕು. ನಾಟಕ ಕಂಪನಿಗಳಲ್ಲಿ ಕಾಲುಪೇಟಿ ನುಡಿಸಿದ ಹಿರಿಯರು ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ಪಾತ್ರಧಾರಿ ಮಾತು ಮರೆತಾಗ ಸ್ವರ ತುಂಬಿ ಕಾಪಾಡಿದವರು ಅವರು. ಖಳನಾಯಕ ಬರುವ ಮುಂಚೆ ಎಷ್ಟು ಕ್ಷಣ ಸುಮ್ಮನಿರಬೇಕು ಅನ್ನುವುದು ಅವರ ಬೆರಳಿಗೆ ಗೊತ್ತು. ಮಾತಿನ ಅಡಿಯಲ್ಲಿ ಎಷ್ಟು ನುಡಿಸಬೇಕು ಅನ್ನುವ ಪ್ರಶ್ನೆಗೆ ಅವರಷ್ಟು ಸ್ಪಷ್ಟವಾಗಿ ಉತ್ತರ ಕೊಡುವವರು ಸಿಗುವುದಿಲ್ಲ. ಅವರು ಹೇಳಿದ್ದನ್ನು ಅನುಮತಿ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದೂ ಸಂಗ್ರಹವೇ.

ಸಾಧ್ಯವಾದರೆ ಒಮ್ಮೆ ಎಲ್ಲರೂ ಗೋಳಗುಮ್ಮಟಕ್ಕೆ ಹೋಗಿ ಬನ್ನಿ. ಬೆಳಿಗ್ಗೆ ಬೇಗ, ಜನ ಕಡಿಮೆ ಇದ್ದಾಗ. ಪಿಸುಮಾತಿನ ಗ್ಯಾಲರಿಯಲ್ಲಿ ಒಂದೇ ಚಪ್ಪಾಳೆ ಹೊಡೆದು, ಧ್ವನಿ ಮರಳಿ ಮರಳಿ ಬಂದು ಆರುವುದನ್ನು ಕೇಳಿ. ಮರುದಿನ ಯಾವುದಾದರೂ ಹಳೆಯ ಚಿತ್ರದ ಟೈಟಲ್ ಸಂಗೀತ ಹಾಕಿದರೆ, ದೊಡ್ಡ ಹಾಲಿನಲ್ಲಿ ಮುದ್ರಿಸಿದ್ದು ಯಾವುದು, ಸಣ್ಣ ಕೋಣೆಯದ್ದು ಯಾವುದು ಅಂತ ಗುರುತಿಸುವುದು ಸುಲಭವಾಗುತ್ತದೆ.

ಪ್ರತಿ ಕೂಟ ಮುಗಿದ ಮೇಲೆ ಅಂದಿನ ದೃಶ್ಯದ ಪುಟದಲ್ಲೇ ತಾರೀಖು ಹಾಕಿ, ಯಾರು ಏನು ಹೇಳಿದರು ಅಂತ ಎರಡೆರಡು ಸಾಲು ಬರೆಯಿರಿ. ಒಪ್ಪದವರ ಮಾತು ಮೊದಲು. ವರ್ಷ ಕಳೆದ ಮೇಲೆ ಅದೇ ದೃಶ್ಯವನ್ನು ಮತ್ತೆ ಹಾಕಿ, ಹಳೆ ಸಾಲು ಓದುವ ಮೊದಲು ಹೊಸದಾಗಿ ಚೀಟಿ ಬರೆಸಿ.