ಬೋರ್ ನೀರಿನ ಕಮೋಡ್: ಕಟ್ಟಿದ ಸುಣ್ಣ ತೆಗೆಯುವುದು ಹೀಗೆ

ನಮ್ಮ ಮನೆ ಗದಗಿನ ಬೆಟಗೇರಿಯಲ್ಲಿ. ತುಂಗಭದ್ರೆಯ ನೀರು ನಳಕ್ಕೆ ಬಂದಾಗ ಕುಡಿಯಲು, ಅಡುಗೆಗೆ ತುಂಬಿಟ್ಟುಕೊಳ್ಳುತ್ತೇವೆ. ಬಟ್ಟೆ ಒಗೆಯಲು, ಸಂಡಾಸಿಗೆ ಬೋರ್ ನೀರೇ ಗತಿ. ಆ ನೀರು ಸವಳು. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಕಮೋಡಿನಲ್ಲಿ ಕಟ್ಟುವುದೂ ಅದೇ ಸುಣ್ಣ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಪೊರೆ ಕಂದು ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ತೊಳೆದೇ ಇಲ್ಲ ಅಂದುಕೊಳ್ಳುತ್ತಾರೆ. ದಿನಾ ತೊಳೆಯುವವರಿಗೆ ಅದು ಎಷ್ಟು ಬೇಜಾರು ಅಂತ ನನಗೆ ಗೊತ್ತು.

ಎರಡು ವರ್ಷದ ಹಿಂದೆ ಬೀಗರು ಬರುವವರಿದ್ದರು. ನಮ್ಮ ಅತ್ತೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರು. ಕಲೆ ಜಗ್ಗಲಿಲ್ಲ. ಅತ್ತೆ ಪೌಡರ್ ಹಾಕಿದ್ದು ನನಗೆ ಗೊತ್ತಿರಲಿಲ್ಲ, ಮೇಲೆ ಆ್ಯಸಿಡ್ ಇರುವ ಕ್ಲೀನರ್ ಸುರಿದೆ. ಗಂಟಲು ಹಿಡಿದಂತೆ ಘಾಟು ಎದ್ದಿತು. ಹೊರಗೆ ಓಡಿ ಬಂದರೂ ಇಬ್ಬರಿಗೂ ಕೆಮ್ಮು ನಿಲ್ಲಲಿಲ್ಲ. ಅತ್ತೆಯನ್ನು ಸಂಜೆ ದವಾಖಾನೆಗೆ ಕರೆದುಕೊಂಡು ಹೋಗಬೇಕಾಯಿತು. ಬ್ಲೀಚಿಂಗ್ ಪೌಡರ್‌ಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್, ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಸೇರಿದರೂ ಅಷ್ಟೇ. ಇದೊಂದನ್ನು ಮನೆಯ ಎಲ್ಲರಿಗೂ ಹೇಳಿಡಿ. ಇನ್ನೊಂದು ಮಾತು, ಬ್ಲೀಚಿಂಗ್ ಪೌಡರ್‌ನಿಂದ ಸುಣ್ಣ ಕರಗುವುದೇ ಇಲ್ಲ. ಬಣ್ಣ ಸ್ವಲ್ಪ ತಿಳಿಯಾದರೂ ಪೊರೆ ಹಾಗೇ ಉಳಿಯುತ್ತದೆ.

ಸುಣ್ಣ ಕರಗಲು ಹುಳಿ ಬೇಕು. ನಾನು ಬಳಸುವುದು ಸಿಟ್ರಿಕ್ ಆ್ಯಸಿಡ್. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ. ನೋಡಲು ಥೇಟ್ ಸಕ್ಕರೆ, ಅದಕ್ಕೇ ಡಬ್ಬಿ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ.

ಮೊದಲು ಒಂದೆರಡು ಬಕೆಟ್ ನೀರು ಸುರಿದು ಹಳೆಯ ಪೌಡರ್, ಕ್ಲೀನರ್ ಏನಿದ್ದರೂ ಹೋಗಲಾಡಿಸಿ. ಫ್ಲಶ್ ಟ್ಯಾಂಕಿನೊಳಗೆ ನೀಲಿ ಗುಳಿಗೆ ಇದ್ದರೆ ಅದನ್ನೂ ತೆಗೆಯಿರಿ, ಕೆಲವದರಲ್ಲಿ ಬ್ಲೀಚ್ ಇರುತ್ತದೆ. ಕಿಟಕಿ, ಬಾಗಿಲು ತೆರೆದಿರಲಿ. ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ. ಟ್ಯಾಂಕಿಗೆ ಬರುವ ನೀರಿನ ನಳ ಬಂದ್ ಮಾಡಿ, ಒಂದು ಸಲ ಫ್ಲಶ್ ಮಾಡಿ. ಆಮೇಲೆ ಕಮೋಡಿನಲ್ಲಿ ನಿಂತ ನೀರನ್ನು ಬ್ರಷ್‌ನಿಂದ ಒಳಗೆ ದೂಡಿ. ಜನ ಬಿಡುವುದು ಇದೇ ಹೆಜ್ಜೆಯನ್ನು. ನೀರು ನಿಂತಿದ್ದರೆ ಹುಳಿ ತೆಳುವಾಗಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ 100 ಗ್ರಾಂ ನಿಂಬೆ ಉಪ್ಪು ಹಾಕಿ ಕರಗಿಸಿ. ಕುದಿಯುವ ನೀರು ಬೇಡ, ಪಿಂಗಾಣಿ ಬಿರುಕು ಬಿಡಬಹುದು. ಹಳೆಯ ಹತ್ತಿ ಬಟ್ಟೆಯ ಚೂರುಗಳನ್ನು ಅದರಲ್ಲಿ ಅದ್ದಿ ಕಲೆಯ ಮೇಲೆ, ಅಂಚಿನ ಕೆಳಗೆ ಅಂಟಿಸಿ. ಉಳಿದದ್ದನ್ನು ಕಮೋಡಿನೊಳಗೆ ಸುರಿಯಿರಿ. ಸಣ್ಣಗೆ ಗುಳ್ಳೆ ಏಳುತ್ತವೆ, ಸುಣ್ಣ ಕರಗುತ್ತಿದೆ ಅಂತ ಅರ್ಥ. ಸೋಡಾಪುಡಿ ಬೆರೆಸಬೇಡಿ. ಬುರುಬುರು ನೊರೆ ನೋಡಲು ಚೆಂದ, ಆದರೆ ಸೋಡಾ ಹುಳಿಯನ್ನೇ ತಿಂದುಬಿಡುತ್ತದೆ. ನಾಲ್ಕೈದು ತಾಸು ಸುಮ್ನೆ ಬಿಡಿ.

ಬಟ್ಟೆಯನ್ನು ಕೈಯಿಂದ ತೆಗೆಯಿರಿ, ಫ್ಲಶ್ ಮಾಡಿದರೆ ಪೈಪ್ ಕಟ್ಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಬ್ರಷ್‌ನಿಂದ ತಿಕ್ಕಿ. ಅಂಚಿನ ತೂತುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ವರ್ಷಗಟ್ಟಲೆಯ ಪೊರೆ ಒಂದೇ ಸಲಕ್ಕೆ ಹೋಗಲಿಕ್ಕಿಲ್ಲ, ನಮ್ಮದಕ್ಕೆ ಮೂರು ಸಲ ಬೇಕಾಯಿತು. ಚಾಕು, ತಂತಿಯ ಬ್ರಷ್ ಮಾತ್ರ ಮುಟ್ಟಬೇಡಿ. ಹೊಳಪು ಗೀಚಿ ಹೋದರೆ ಅಲ್ಲೇ ಸುಣ್ಣ ಮತ್ತೆ ಬೇಗ ಹಿಡಿಯುತ್ತದೆ.

ನೆಲಕ್ಕೆ ಶಹಾಬಾದ್ ಕಲ್ಲು ಹಾಕಿದ್ದರೆ ಜಾಸ್ತಿ ಜೋಪಾನ. ಅದೂ ಸುಣ್ಣದ ಕಲ್ಲೇ ಅಲ್ವಾ, ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತದೆ. ಮೊದಲೇ ನೆಲ ತೋಯಿಸಿ, ಬಿದ್ದ ತಕ್ಷಣ ನೀರು ಹಾಕಿ. ಕಣ್ಣಿಗೆ ಸಿಡಿದರೆ 15 ನಿಮಿಷ ಬಿಡದೆ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ.

ನಮ್ಮ ಕಮೋಡಿನಲ್ಲಿ ಹಿಂದಿನ ಗೋಡೆಗೆ ಒಂದೇ ಕಡೆ ಕಂದು ಗೆರೆ ಮತ್ತೆ ಮತ್ತೆ ಬರುತ್ತಿತ್ತು. ಫ್ಲಶ್ ಟ್ಯಾಂಕಿನ ವಾಷರ್ ಸವೆದು ರಾತ್ರಿಯೆಲ್ಲ ನೀರು ಸಣ್ಣಗೆ ಸೋರುತ್ತಿತ್ತು. ವಾಷರ್ ಬದಲಿಸಿದ ಮೇಲೆ ಆ ಗೆರೆ ಬಂದಿಲ್ಲ. ಈಗ ವಾರಕ್ಕೊಮ್ಮೆ, ರಾತ್ರಿ ಮಲಗುವ ಮುಂಚೆ, ಎರಡು ಚಮಚ ನಿಂಬೆ ಉಪ್ಪು ಉದುರಿಸಿ ಬೆಳಿಗ್ಗೆ ಬ್ರಷ್ ಆಡಿಸುತ್ತೇನೆ.